ಅಸ್ಸಾಮಿನ ನೌಕರಿ, ತಿಕೋಟಾದ ದ್ರಾಕ್ಷಿ ತೋಟ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಂದು ಕುಟುಂಬದ ಕತೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ಗಂಡ ಹೆಂಡತಿ ಇಬ್ಬರೂ ಮೂವತ್ತು ದಾಟಿದವರು. ನಾಲ್ಕೂವರೆ ವರ್ಷದ ಮಗಳಿದ್ದಾಳೆ. ವಿಜಯಪುರದಲ್ಲಿ ಅತ್ತೆ-ಮಾವನ ಜೊತೆ ಒಂದೇ ಮನೆ. ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ ಇದೆ. ಗಂಡ ಮತ್ತು ಅವರ ತಮ್ಮ ಅದನ್ನು ನೋಡಿಕೊಳ್ಳುತ್ತಾರೆ. ಹೆಂಡತಿ ಪಿಎಚ್‌ಡಿ ಮುಗಿಸಿ ಏಳು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಕಾಯಬೇಕು. ಅಂಥವರು ಅಸ್ಸಾಮಿನ ಒಂದು ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಹಾಯಕ ಪ್ರಾಧ್ಯಾಪಕಿಯಾಗಿ ಆಯ್ಕೆಯಾದರು. ಕಾಯಂ ಹುದ್ದೆ. ಮೂಲ ವೇತನವೇ 57,700 ರೂಪಾಯಿ, ಮೇಲೆ ತುಟ್ಟಿಭತ್ಯೆ.

ಒಂದು ದಿನ ಪೇಡೆ ಹಂಚಿದರು. ಆಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು.

ನನ್ನ ಹತ್ತಿರ ಮೊದಲು ಇಬ್ಬರೂ ಕೂಡಿಯೇ ಬಂದರು. ಹೆಂಡತಿಯೇ ಜಾಸ್ತಿ ಮಾತಾಡಿದರು. ಮಗಳ ಶಾಲೆ, ಅಲ್ಲಿನ ಭಾಷೆ, ಮಾವನ ಶುಗರ್, ಮಳೆ, ಊಟ, ಒಂದೊಂದಕ್ಕೂ ಅವರಲ್ಲಿ ಉತ್ತರ ಇತ್ತು. ಗಂಡ "ಆಕಿ ಹೇಳೂದು ಖರೇ ಐತ್ರಿ" ಅನ್ನುತ್ತ ಕೂತಿದ್ದರು. ಕೊನೆಗೆ ಹೆಂಡತಿ, "ಅಕ್ಕಾರ, ಹೋಗೂದೋ ಬ್ಯಾಡೋ, ನೀವ ಹೇಳ್ರಿ" ಅಂದರು. ಅದನ್ನು ನಾನು ಹೇಳುವುದಿಲ್ಲ, ಆಪ್ತಸಲಹೆಗಾರರು ಯಾರೂ ಹೇಳಬಾರದು. ಆದರೆ ಇಷ್ಟೆಲ್ಲ ಲೆಕ್ಕದಲ್ಲಿ ಗಂಡನ ಪಾಲಿಗೆ ಒಂದೇ ಸಾಲು ಇದ್ದದ್ದು ನನಗೆ ಚುಚ್ಚಿತು. "ಇವ್ರು ಅಲ್ಲೇ ಏನರೆ ಮಾಡ್ತಾರ್ರಿ." ಅಷ್ಟೇ.

ಮುಂದಿನ ಸಲ ಗಂಡನನ್ನು ಒಬ್ಬರನ್ನೇ ಕರೆದೆ. ಬಹಳ ಹೊತ್ತು ತೋಟದ ಮಾತೇ ಆಡಿದರು. ನಾನು ಅವಸರ ಮಾಡಲಿಲ್ಲ. ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಎರಡು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಮೋಡ ಕವಿದು ಮಳೆ ಬಿದ್ದರೆ ಡೌನಿ ರೋಗ ಬರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲು. ಆಮೇಲೆ ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಬೇಕು. ಇದನ್ನೆಲ್ಲ ಹೇಳುವಾಗ ಅವರ ದನಿಯೇ ಬೇರೆ ಇತ್ತು. ಆಮೇಲೆ ಒಮ್ಮೆಲೇ ಅಂದರು: "ಇಲ್ಲೆ ಯಾವ ಔಷಧ ಹೊಡೀಬೇಕು ಅಂತ ಹತ್ತ ಮಂದಿ ನನ್ನ ಕೇಳ್ತಾರ. ಅಲ್ಲಿ ನಾ ಯಾರ್ರೀ ಅಕ್ಕಾರ? ಮೇಡಮ್ಮನ ಗಂಡ."

ಓಣಿಯವರು "ಹೇಂತಿ ಬೆನ್ನ ಹತ್ತಿ ಹೊಂಟಾನ" ಅಂತ ಆಡಿಕೊಂಡಿದ್ದರು. ಇವರು ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ರಾತ್ರಿ ನಿದ್ದೆ ಇರಲಿಲ್ಲ. ಆದರೂ ಹೆಂಡತಿಗೆ ಕೆಲಸ ಸಿಕ್ಕ ಖುಷಿ ನಿಜವೇ ಆಗಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡನ ನೌಕರಿಗಾಗಿ ಊರು ಬಿಡುವ ಹೆಣ್ಣುಮಕ್ಕಳಿಗೆ "ಅಲ್ಲಿ ನೀನು ಏನಾಗಿರ್ತೀ" ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗಂಡಸಿಗೆ ಬಂದಾಗ ಮಾತ್ರ ಆ ನೋವು ಕಣ್ಣಿಗೆ ಬೀಳುತ್ತದೆ. ಅದು ಅನ್ಯಾಯ. ಹಾಗಂತ ಈ ಗಂಡನ ನೋವು ಸುಳ್ಳಾಗುವುದಿಲ್ಲ. ಯಾರು ಹಿಂದೆ ಹೋಗುತ್ತಾರೋ ಅವರಿಗೂ ಹೋಗುವವರಷ್ಟೇ ವಿವರವಾದ ಯೋಜನೆ ಬೇಕು, ಅಲ್ವಾ?

ಇಬ್ಬರನ್ನೂ ಕೂರಿಸಿ ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಸಿದೆ. ಮೇಲಿನ ಸಾಲಿನಲ್ಲಿ ವಿಶ್ವವಿದ್ಯಾಲಯದ ವರ್ಷ, ಕೆಳಗೆ ದ್ರಾಕ್ಷಿಯ ವರ್ಷ. ಅಲ್ಲಿಯವರೆಗೆ ಅವರ ಮುಂದೆ ಎರಡೇ ದಾರಿ ಇದ್ದವು. ತೋಟವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಎಲ್ಲರೂ ಹೋಗುವುದು, ಇಲ್ಲವೇ ಹೆಂಡತಿ ಒಬ್ಬರೇ ಹೋಗುವುದು. ಹಾಳೆ ನೋಡಿದ ಮೇಲೆ ಮೂರನೆಯದು ಕಂಡಿತು. ಗಂಡ ಅಕ್ಟೋಬರ್, ನವೆಂಬರ್ ತೋಟದಲ್ಲಿ ಇರುವುದು. ಡಿಸೆಂಬರ್ ಬಿಡುವಿಗೆ ಹೆಂಡತಿ, ಮಗಳು ವಿಜಯಪುರಕ್ಕೆ ಬರುವುದು. ಜನವರಿಯಲ್ಲಿ ಮೂವರೂ ಕೂಡಿ ಹೋಗುವುದು. ಕೊಯ್ಲಿಗೆ ಗಂಡ ವಾಪಸು ಬಂದು, ಏಪ್ರಿಲ್ ಚಾಟ್ನಿ ಮುಗಿಸಿ ಮೇ ತಿಂಗಳಿಗೆ ಮತ್ತೆ ಅಲ್ಲಿ. ಬೇರೆ ಇರುವುದು ವರ್ಷಕ್ಕೆ ನಾಲ್ಕೂವರೆ ತಿಂಗಳು. ಕಡಿಮೆ ಏನಲ್ಲ, ಆದರೆ ಯಾವ ತಿಂಗಳು ಅಂತ ಮೊದಲೇ ಗೊತ್ತಿದ್ದರೆ ತಾಳಿಕೊಳ್ಳಬಹುದು.

ಮೊದಲ ವರ್ಷ ತೋಟವನ್ನು ಲಾವಣಿಗೆ ಹಾಕಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ತೋಟದ ದುಡ್ಡು ಮೊದಲಿನಂತೆ ಗಂಡನ ಖಾತೆಗೇ ಬರಲಿ. ಹೆಂಡತಿಯ ಸಂಬಳದಲ್ಲಿ ಕೈಖರ್ಚಿಗೆ ಕೇಳುವ ಪರಿಸ್ಥಿತಿ ಬರಬಾರದು. ಇನ್ನೊಂದು, ಅಲ್ಲಿ ಹೋದ ತಕ್ಷಣ ನಾಚಿಕೆಗೆ ಬಿದ್ದು ಯಾವುದೋ ಅಂಗಡಿ, ಏಜೆನ್ಸಿ ಅಂತ ದುಡ್ಡು ಹಾಕಬೇಡಿ. ಇವರಿಗೆ ಗುವಾಹಟಿಯಲ್ಲಿ ಮಣೂಕ ಮಾರುವ ಯೋಚನೆ ಇತ್ತು. ಒಳ್ಳೆಯ ಯೋಚನೆಯೇ. ಆದರೆ ಮೊದಲು ಅಲ್ಲಿನ ಮಾರ್ಕೆಟ್ ಸುತ್ತಿ, ಭಾಷೆ ಸ್ವಲ್ಪ ಕಿವಿಗೆ ಬಿದ್ದ ಮೇಲೆ ನೋಡೋಣ ಅಂದೆ.

ಮಗಳ ವಿಷಯದಲ್ಲಿ ಮನೆಯವರದು ಒಂದೇ ಮಾತಾಗಿತ್ತು. ಒಂದು ವರ್ಷ ಅಜ್ಜಿಯ ಹತ್ತಿರ ಇರಲಿ, ತಾಯಿ ಮೊದಲು ಹೋಗಿ ನೆಲೆ ನಿಲ್ಲಲಿ. ನಾನು ಒಪ್ಪಲಿಲ್ಲ. ನಾಲ್ಕೂವರೆ ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಬಹಳ ದೊಡ್ಡದು. ತಾಯಿ ಯಾಕೆ ಹೋದಳು ಅನ್ನುವುದು ಅದಕ್ಕೆ ಅರ್ಥ ಆಗುವುದಿಲ್ಲ, ತಾನೇನೋ ತಪ್ಪು ಮಾಡಿದೆ ಅಂದುಕೊಳ್ಳುವ ವಯಸ್ಸು ಅದು. ಮಗು ತಾಯಿ ಜೊತೆ ಹೋಗಲಿ, ಶುರುವಿನ ತಿಂಗಳುಗಳಲ್ಲಿ ಅಜ್ಜಿಯೂ ಜೊತೆಗೆ ಹೋಗಲಿ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆಯನ್ನು ಯಾರೂ ಕೇಳಿಯೇ ಇರಲಿಲ್ಲ.

ಅತ್ತೆ ಬಂದರು. ಜೋಳದ ಹಿಟ್ಟಿನದೇ ಚಿಂತೆ ಅವರಿಗೆ. "ಅನ್ನ ತಿಂದ ಎಷ್ಟ ದಿನಾ ಇರ್ಲಿ? ದೀಪಾವಳಿ ತನಕ ಇರ್ತೀನಿ. ಮುಂದ ನನಗ ಆಗೂದಿಲ್ಲ." ಗಡುವು ಹೇಳಿಯೇ ಒಪ್ಪಿದರು. ನನಗೆ ಅದು ಬಹಳ ಹಿಡಿಸಿತು. ಮಾವನವರ ಊಟ, ಮಾತ್ರೆ ನೋಡಲು ಅದೇ ಊರಿನಲ್ಲಿರುವ ಅವರ ಮಗಳು ಒಪ್ಪಿಕೊಂಡರು.

ಅತ್ತೆಯ ಮನಸ್ಸಿನಲ್ಲಿ ಬೇರೆ ಒಂದು ಮುಳ್ಳು ಇತ್ತು. ಸಂದರ್ಶನಕ್ಕೆ ಹೋಗುವಾಗ ಸೊಸೆ ಸೆಮಿನಾರ್ ಅಂತ ಹೇಳಿ ಹೋಗಿದ್ದರು. ಗಂಡನಿಗೆ ಗೊತ್ತಿತ್ತು, ಅತ್ತೆ-ಮಾವನಿಗೆ ಗೊತ್ತಿರಲಿಲ್ಲ. ಸಿಗದಿದ್ದರೆ ಸುಮ್ನೆ ಯಾಕೆ ಗದ್ದಲ ಅನ್ನುವುದು ಸೊಸೆಯ ಲೆಕ್ಕ. ಅದಕ್ಕೊಂದು ಕ್ಷಮೆ ಕೇಳಿ ಅಂದೆ. ಸುಳ್ಳು ಹೇಳಿದ್ದಕ್ಕೆ ಮಾತ್ರ ಕ್ಷಮೆ, ನೌಕರಿಗೆ ಅರ್ಜಿ ಹಾಕಿದ್ದಕ್ಕೆ ಅಲ್ಲ. ಈ ಎರಡನ್ನೂ ಕಲಸಿದರೆ ಮುಂದೆ ಪ್ರತಿ ಜಗಳದಲ್ಲೂ ಆ ನೌಕರಿಯೇ ತಪ್ಪು ಅನ್ನಿಸಿಕೊಳ್ಳುತ್ತದೆ. ಅವರು ಹಾಗೆಯೇ ಕೇಳಿದರು. ಅತ್ತೆ ಅತ್ತರು, ಆಮೇಲೆ ಚಹಾ ಮಾಡಲು ಎದ್ದು ಹೋದರಂತೆ.

ಇನ್ನು ಕಾಗದಪತ್ರದ ಮಾತು. ಸೇರುವ ದಿನಾಂಕ ಮುಂದೂಡಲು ಲಿಖಿತವಾಗಿ ಕೇಳಿ ನೋಡಿ ಅಂದೆ. ಸೇರುವಾಗ ಸ್ವಂತ ಊರು ಅಂತ ವಿಜಯಪುರವನ್ನೇ ಬರೆಸಬೇಕು. ರಜೆ ಪ್ರಯಾಣದ ರಿಯಾಯಿತಿ ಆ ಊರಿನ ಮೇಲೆಯೇ ಸಿಗುವುದು, ಸೇವೆಯಲ್ಲಿ ಒಮ್ಮೆ ಮಾತ್ರ ಅದನ್ನು ಬದಲಿಸಬಹುದು. ಹೊಸದಾಗಿ ಸೇರಿದವರಿಗೆ ಮೊದಲ 8 ವರ್ಷ, ನಾಲ್ಕು ವರ್ಷದ ಒಂದೊಂದು ಅವಧಿಯಲ್ಲಿ ಮೂರು ಸಲ ಸ್ವಂತ ಊರಿಗೆ, ಒಂದು ಸಲ ದೇಶದ ಯಾವ ಊರಿಗಾದರೂ ಹೋಗಿಬರಲು ಅವಕಾಶ ಇದೆ. ಆದರೆ ಒಂದು ವರ್ಷ ಸೇವೆ ಆದ ಮೇಲೆ. ಅಂದರೆ ಮೊದಲ ವರ್ಷದ ಓಡಾಟ ಕೈಯಿಂದಲೇ. ಬೆಂಗಳೂರಿನಿಂದ ಗುವಾಹಟಿಗೆ ವಿಮಾನದಲ್ಲಿ ಸುಮಾರು 3 ಗಂಟೆ. ನಮ್ಮ ವಿಜಯಪುರದಿಂದ ಬೆಂಗಳೂರು ಮುಟ್ಟಲು ಮಾತ್ರ ರಾತ್ರಿಯಿಡೀ ಬೇಕು. ರೈಲಿನಲ್ಲೇ ಹೋದರೆ ಬೆಂಗಳೂರಿನಿಂದ ಮುಂದೆ ಎರಡು ದಿನ ದಾಟುತ್ತದೆ. ಮಾವನ ಆರೋಗ್ಯ ಕೆಟ್ಟರೆ ಓಡಿ ಬರಬೇಕಲ್ಲ. ಅದಕ್ಕೆ ವಿಮಾನದ ಟಿಕೆಟ್ ದುಡ್ಡನ್ನು ಬೇರೆ ತೆಗೆದಿಟ್ಟು ಮುಟ್ಟಬೇಡಿ ಅಂದೆ.

ಗಂಡನಿಗೆ ಒಂದು ವಿಷಯ ಮುಂಚೆಯೇ ಹೇಳಿ ಕಳಿಸಿದೆ. ಅಸ್ಸಾಮಿನಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯ ಮಾತ್ರ ಅಲ್ಲಿ ಬೇಗ. ಹೆಂಡತಿ ವಿಭಾಗದಲ್ಲಿ ಇರುತ್ತಾರೆ, ಇವರು ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಕತ್ತಲಲ್ಲಿ. ಅಂಥ ಸಂಜೆಗಳಲ್ಲೇ ಮನಸ್ಸು ಕುಸಿಯುವುದು. ಆ ಹೊತ್ತಿಗೆ ಮನೆಯಿಂದ ಹೊರಗೆ ಏನಾದರೂ ಇಟ್ಟುಕೊಳ್ಳಿ, ಆಟ, ವಾಕಿಂಗ್, ಭಾಷೆ ಕಲಿಯುವುದು, ಯಾವುದಾದರೂ ಸರಿ. ನಿದ್ದೆ ಮತ್ತೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ ಅಂತ ಸಂಖ್ಯೆ ಬರೆದುಕೊಟ್ಟೆ.

ಮಗಳ ಕನ್ನಡದ ಬಗ್ಗೆ ಹೆಂಡತಿಗೆ ಬಹಳ ಹೆದರಿಕೆ ಇತ್ತು. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್, ಹೊರಗೆ ಅಸ್ಸಾಮಿ. ಮನೆಯಲ್ಲಿ ನಮ್ಮ ಮಾತೇ ಇರಲಿ, ದಿನಾ ಅಜ್ಜನಿಗೆ ಫೋನ್ ಮಾಡಿಸಿ ಅಂದೆ. ಮಕ್ಕಳು ಭಾಷೆಗಳನ್ನು ನಮಗಿಂತ ಸಲೀಸಾಗಿ ಹೊರುತ್ತವೆ.

ಈಗ ಅವರು ಹೋಗಿ ಒಂದು ಸೆಮಿಸ್ಟರ್ ಆಗಿದೆ. ಮಗಳು ಮೊದಲ ತಿಂಗಳು ಬಹಳ ಅತ್ತಳು, ಈಗ ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತಾಳೆ. ಅತ್ತೆ ಹೇಳಿದಂತೆ ದೀಪಾವಳಿಗೆ ವಿಜಯಪುರದ ಮನೆಯಲ್ಲಿದ್ದರು. ನವೆಂಬರ್ ಹೆಂಡತಿಗೆ ಕಷ್ಟವಾಯಿತು. ಪಾಠ, ಮಗು, ಅಡುಗೆ, ಎಲ್ಲ ಒಬ್ಬರೇ. ಮುಂದಿನ ನವೆಂಬರ್‌ಗೆ ಅವರ ತಾಯಿ ಹೋಗಬಹುದೇ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ ಅಂದಿದ್ದೇನೆ.

ಕೊನೆಯ ತೀರ್ಮಾನಕ್ಕೆ ನಾವು ಹಾಕಿಕೊಂಡ ಗಡುವು ಮಗಳಿಗೆ 6 ತುಂಬಿ ಒಂದನೇ ತರಗತಿಗೆ ಸೇರುವ ಹೊತ್ತು. ಹೆಂಡತಿಯ ಪ್ರೊಬೇಷನ್ ಒಂದು ವರ್ಷದ್ದು, ಅಷ್ಟರೊಳಗೆ ಅದೂ ಇತ್ಯರ್ಥ ಆಗಿರುತ್ತದೆ. ಆಗ ತೋಟ, ಶಾಲೆ, ಮಾವನ ಆರೋಗ್ಯ ಮೂರನ್ನೂ ಮತ್ತೆ ಹಾಳೆಯ ಮೇಲೆ ಬರೆಯುತ್ತೇವೆ. ಮಾವನವರು ಇನ್ನೂ ಸೊಸೆಯ ಜೊತೆ ಸರಿಯಾಗಿ ಮಾತಾಡಿಲ್ಲ. ಫೋನ್ ಬಂದರೆ ಮೊಮ್ಮಗಳ ಜೊತೆ ಮಾತಾಡಿ ಇಟ್ಟುಬಿಡುತ್ತಾರೆ. ಬೇಸಿಗೆ ರಜೆಗೆ ಬಂದಾಗ ಅವರನ್ನೂ ನನ್ನ ಹತ್ತಿರ ಕರೆದುಕೊಂಡು ಬನ್ನಿ ಅಂದಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.