ಬೇಗ ಪತ್ತೆಯಾದರೆ ಆಯುಸ್ಸು ಹೆಚ್ಚುತ್ತದೆಯೇ?

ಪ್ರಶ್ನೆ: ನನಗೆ 58 ವರ್ಷ. ಸದ್ಯ ಯಾವ ತೊಂದರೆಯೂ ಇಲ್ಲ. ಪೂರ್ಣ ದೇಹ ತಪಾಸಣೆ ಮಾಡಿಸಿಕೊಳ್ಳಿ ಎಂದು ಮಗ ಒತ್ತಾಯಿಸುತ್ತಿದ್ದಾನೆ. ಅದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಪಿಎಸ್‌ಎ ರಕ್ತಪರೀಕ್ಷೆಯೂ ಇದೆ. ಬೇಗ ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಐದು ವರ್ಷ ದಾಟುತ್ತಾರೆ ಎಂದು ಜಾಹೀರಾತು ಹೇಳುತ್ತದೆ. ನನ್ನ ಭಾವನವರಿಗೆ ಇದೇ ಪರೀಕ್ಷೆಯಿಂದ ಕ್ಯಾನ್ಸರ್ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯಾಗಿ, ಈಗ ಚೆನ್ನಾಗಿದ್ದಾರೆ. ನಮ್ಮ ಕುಟುಂಬ ವೈದ್ಯರು ಮಾತ್ರ ‘ಅವಸರ ಬೇಡ’ ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ವೈದ್ಯರ ಮಾತಿನಲ್ಲಿ ಹುರುಳಿದೆ. ಮೊದಲು ಜಾಹೀರಾತಿನ ಆ ‘ಐದು ವರ್ಷ’ವನ್ನೇ ಬಿಡಿಸಿ ನೋಡೋಣ.

ಒಬ್ಬರಿಗೆ 67ನೇ ವಯಸ್ಸಿನಲ್ಲಿ ರೋಗದ ಲಕ್ಷಣ ಕಾಣಿಸಿಕೊಂಡು, 70ಕ್ಕೆ ಅದೇ ರೋಗದಿಂದ ತೀರಿಕೊಂಡರು ಎಂದುಕೊಳ್ಳಿ. ರೋಗ ತಿಳಿದ ಮೇಲೆ ಬದುಕಿದ್ದು ಮೂರು ವರ್ಷ. ಅವರೇ 60ಕ್ಕೆ ತಪಾಸಣೆ ಮಾಡಿಸಿಕೊಂಡು ರೋಗ ಆಗಲೇ ಸಿಕ್ಕಿ, ಚಿಕಿತ್ಸೆ ಫಲ ಕೊಡದೆ 70ಕ್ಕೇ ತೀರಿಕೊಂಡಿದ್ದರೆ? ಈಗ ಅವರು ‘ಐದು ವರ್ಷ ದಾಟಿದವರ’ ಪಟ್ಟಿಯಲ್ಲಿರುತ್ತಾರೆ. ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ, ರೋಗಿ ಎನ್ನಿಸಿಕೊಂಡ ಕಾಲ ಮಾತ್ರ ಏಳು ವರ್ಷ ಹೆಚ್ಚಾಯಿತು. ಹಾಗಾಗಿ ಐದು ವರ್ಷ ಬದುಕಿದವರ ಪ್ರಮಾಣವನ್ನು ತಪಾಸಣೆಯ ಪರವಾದ ಸಾಕ್ಷಿ ಎಂದು ಒಪ್ಪಲಾಗದು. ಕೇಳಬೇಕಾದ ಪ್ರಶ್ನೆ ಬೇರೆ: ತಪಾಸಣೆಗೆ ಕರೆದ ಸಾವಿರ ಮಂದಿಯಲ್ಲಿ ಮತ್ತು ಕರೆಯದ ಸಾವಿರ ಮಂದಿಯಲ್ಲಿ ಆ ರೋಗದಿಂದ ಸತ್ತವರು ಎಷ್ಟೆಷ್ಟು? ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಿರಬೇಕು. ಇಲ್ಲದಿದ್ದರೆ ಮೊದಲೇ ಆರೋಗ್ಯದ ಕಾಳಜಿಯಿರುವವರು ತಪಾಸಣೆಯ ಗುಂಪಿನಲ್ಲಿ ತುಂಬಿಕೊಂಡು ಲೆಕ್ಕವೇ ಕೆಡುತ್ತದೆ.

ಪಿಎಸ್‌ಎ ವಿಷಯದಲ್ಲಿ ಅಂಥ ದೊಡ್ಡ ಅಧ್ಯಯನ ಯುರೋಪಿನಲ್ಲಿ ನಡೆದಿದೆ. ತಪಾಸಣೆಗೆ ಕರೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇ 20ರಷ್ಟು ಕಡಿಮೆಯಾಯಿತು. ಕೇಳಲು ದೊಡ್ಡ ಸಂಖ್ಯೆ. ಅದೇ ಫಲಿತಾಂಶವನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು: 2019ರಲ್ಲಿ ಪ್ರಕಟವಾದ 16 ವರ್ಷಗಳ ಲೆಕ್ಕದಂತೆ, ಒಂದು ಸಾವು ತಪ್ಪಬೇಕಾದರೆ ಸುಮಾರು 570 ಪುರುಷರನ್ನು ತಪಾಸಣೆಗೆ ಕರೆಯಬೇಕು, ಮತ್ತು 18 ಮಂದಿಗೆ ಹೆಚ್ಚುವರಿಯಾಗಿ ‘ನಿಮಗೆ ಕ್ಯಾನ್ಸರ್ ಇದೆ’ ಎಂದು ಹೇಳಬೇಕಾಗುತ್ತದೆ. ಈ ಕ್ಯಾನ್ಸರ್ ಹಲವರಲ್ಲಿ ಎಷ್ಟು ನಿಧಾನವಾಗಿ ಬೆಳೆಯುತ್ತದೆಂದರೆ, ಅದು ತೊಂದರೆ ಕೊಡುವ ಮೊದಲೇ ಅವರು ಬೇರೆ ಕಾರಣದಿಂದ, ತುಂಬು ವಯಸ್ಸಿನಲ್ಲಿ ತೀರಿಕೊಳ್ಳುತ್ತಾರೆ. ಚಿಕಿತ್ಸೆಯ ಪರಿಣಾಮವಾದರೋ ಕೂಡಲೇ ಕಾಣಿಸುತ್ತದೆ: ಮೂತ್ರ ಹಿಡಿದಿಡಲು ಆಗದಿರುವುದು, ಲೈಂಗಿಕ ಶಕ್ತಿ ಕುಂದುವುದು.

ನಿಮ್ಮ ಭಾವನವರ ವಿಷಯ ಹೇಳಲು ನನಗೆ ಕಷ್ಟವಾಗುತ್ತದೆ. ಅವರು ಬದುಕುಳಿದ ಆ ಒಬ್ಬರೇ ಇರಬಹುದು. ಪರೀಕ್ಷೆ ಮಾಡಿಸದಿದ್ದರೂ ಇಷ್ಟೇ ಚೆನ್ನಾಗಿರುತ್ತಿದ್ದ ಉಳಿದವರಲ್ಲಿ ಒಬ್ಬರೂ ಇರಬಹುದು. ಅವರಿಗೂ ಅವರ ವೈದ್ಯರಿಗೂ ಇದು ಎಂದೂ ಗೊತ್ತಾಗುವುದಿಲ್ಲ. ‘ಪರೀಕ್ಷೆಯೇ ನನ್ನನ್ನು ಉಳಿಸಿತು’ ಎಂಬ ಅವರ ನಂಬಿಕೆ ಪ್ರಾಮಾಣಿಕವಾದದ್ದು. ಆದರೆ ಕಾಗೆ ಕೂತಿದ್ದಕ್ಕೇ ಕೊಂಬೆ ಮುರಿಯಿತೇ ಎಂಬುದನ್ನು ಒಂದು ಕೊಂಬೆ ನೋಡಿ ಹೇಳಲಾಗದು.

ಇದು ಬರೀ ತರ್ಕವಲ್ಲ. ದಕ್ಷಿಣ ಕೊರಿಯಾದಲ್ಲಿ ಇತರ ಕ್ಯಾನ್ಸರುಗಳ ತಪಾಸಣೆಯ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ವ್ಯಾಪಕವಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರದ್ದಕ್ಕಿಂತ 15 ಪಟ್ಟು ಏರಿತ್ತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಎಷ್ಟೋ ಜನರು ಥೈರಾಯ್ಡ್ ಗ್ರಂಥಿಯನ್ನೇ ಕಳೆದುಕೊಂಡು ಜೀವನಪರ್ಯಂತ ಮಾತ್ರೆಗೆ ಅಂಟಿಕೊಂಡರು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಬಹಿರಂಗವಾಗಿ ಈ ತಪಾಸಣೆಯನ್ನು ವಿರೋಧಿಸಿದ ಮೇಲೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಒಮ್ಮೆಲೇ ಇಳಿಯಿತು. ಆ ವೈದ್ಯರ ಬಗ್ಗೆ ನನಗೆ ಬಹಳ ಗೌರವವಿದೆ.

‘ಪೂರ್ಣ ದೇಹ’ದ ಪ್ಯಾಕೇಜಿಗೆ ಇನ್ನೊಂದು ತೊಡಕಿದೆ. ಬಹುತೇಕ ರಕ್ತಪರೀಕ್ಷೆಗಳಲ್ಲಿ, ಆರೋಗ್ಯವಂತರ ಪೈಕಿ ನೂರಕ್ಕೆ 95 ಮಂದಿಯ ಅಳತೆ ಎಷ್ಟರೊಳಗೆ ಬರುತ್ತದೆಯೋ ಅದನ್ನೇ ‘ಸಾಮಾನ್ಯ ಮಿತಿ’ ಎಂದು ವರದಿಯಲ್ಲಿ ಮುದ್ರಿಸುತ್ತಾರೆ. ಅಂದರೆ ಉಳಿದ ಐವರು ರೋಗವಿಲ್ಲದೆಯೇ ಮಿತಿಯ ಆಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನ ವರದಿಯಲ್ಲೂ ಒಂದಾದರೂ ಕೆಂಪು ಗುರುತು ಬೀಳುವ ಸಂಭವ ನೂರಕ್ಕೆ 64. ಆ ಗುರುತಿನ ಬೆನ್ನು ಹತ್ತಿ ಸ್ಕ್ಯಾನ್, ಸ್ಕ್ಯಾನಿನಲ್ಲಿ ಕಂಡ ಚುಕ್ಕೆಗೆ ಸೂಜಿ, ಫಲಿತಾಂಶ ಬರುವವರೆಗೆ ಮನೆಯವರಿಗೆಲ್ಲ ನಿದ್ದೆಯಿಲ್ಲ.

ಹಾಗೆಂದು ತಪಾಸಣೆಯೇ ವ್ಯರ್ಥ ಎಂದುಕೊಳ್ಳಬೇಡಿ. ಕೆಲವು ತಪಾಸಣೆಗಳ ಪರವಾಗಿ ಗಟ್ಟಿ ಪುರಾವೆಯಿದೆ. ಗರ್ಭಕೊರಳಿನ ಕ್ಯಾನ್ಸರನ್ನೇ ನೋಡಿ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.3 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆ ಮಾಡಿ, ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ತಂಬಾಕು, ಮದ್ಯ ಸೇವಿಸುವವರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರೂ ಸಾವು ತಗ್ಗುತ್ತದೆ ಎಂಬುದು ಕೇರಳದ ಅಧ್ಯಯನದಿಂದ ತಿಳಿದಿದೆ. ರಕ್ತದೊತ್ತಡ ಅಳೆಸುವುದನ್ನಂತೂ ತಪ್ಪಿಸಬೇಡಿ.

ಪಿಎಸ್‌ಎ ಬೇಕೋ ಬೇಡವೋ ಎಂಬುದು ಈ ಲೆಕ್ಕ ತಿಳಿದ ಮೇಲೆ ನೀವೇ ಮಾಡುವ ಆಯ್ಕೆ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಆಗ ತಕ್ಕಡಿ ಬೇರೆ ಕಡೆ ವಾಲಬಹುದು. ಭಾವನವರಿಗೆ ಬಂದದ್ದು ಈ ಲೆಕ್ಕಕ್ಕೆ ಸೇರುವುದಿಲ್ಲ. ಇದೆಲ್ಲವೂ ಲಕ್ಷಣಗಳಿಲ್ಲದವರಿಗೆ ಹೇಳಿದ ಮಾತು ಎಂಬುದನ್ನು ಮರೆಯಬೇಡಿ. ಮೂತ್ರದಲ್ಲಿ ರಕ್ತ, ಹೊಸ ಗಂಟು, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಒಂದು ವಾರವೂ ಕಾಯದೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಮೊದಲ ಮಗುವಿಗೆ ಕಡಲೆಕಾಯಿ ಕೊಡಬೇಡಿ ಎಂದಿದ್ದರು, ಎರಡನೆಯದಕ್ಕೆ ಬೇಗ ಕೊಡಿ ಎನ್ನುತ್ತಿದ್ದಾರೆ. ಸಲಹೆಗಳು ಹೀಗೆ ತಲೆಕೆಳಗಾದರೆ ಹೇಗೆ ನಂಬುವುದು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ 2000ದಲ್ಲಿ ಹೇಳಿದಾಗ, ಅದರ ಹಿಂದೆ ಇದ್ದದ್ದು ತಜ್ಞರ ಊಹೆ, ಪ್ರಯೋಗವಲ್ಲ. 2015ರಲ್ಲಿ ಪ್ರಯೋಗದ ಫಲಿತಾಂಶ ಬಂತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳಲ್ಲಿ, ಕಡಲೆಕಾಯಿಯಿಂದ ದೂರವಿದ್ದವರ ಪೈಕಿ ಐದನೇ ವಯಸ್ಸಿಗೆ ನೂರಕ್ಕೆ ಸುಮಾರು 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ ಸುಮಾರು 3. ಪುರಾವೆ ಎದುರಿಗಿದ್ದೂ ಹಳೆಯ ಸಲಹೆಗೇ ಜೋತುಬಿದ್ದಿದ್ದರೆ ನಾನು ಹೆಚ್ಚು ಕಳವಳಪಡುತ್ತಿದ್ದೆ. ಸಲಹೆ ಕೊಟ್ಟವರನ್ನು ‘ಇದು ಪ್ರಯೋಗದಿಂದ ತಿಳಿದದ್ದೋ, ಅಂದಾಜೋ’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಇಡೀ ಕಡಲೆಬೀಜವನ್ನು ಮಾತ್ರ ಕೊಡಬೇಡಿ, ಅದು ಮಗುವಿನ ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ತೆಳುವಾಗಿ ಕಲಸಿ ಕೊಡಿ. ಮಗುವಿಗೆ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲ ತುತ್ತಿಗೆ ಮುನ್ನ ವೈದ್ಯರಿಗೆ ತೋರಿಸಿ.