ಅಮೆರಿಕದ ಸಂವಿಧಾನ ಅರ್ಥವಾಗಲು ಫೆಡರಲಿಸ್ಟ್ ಪ್ರಬಂಧಗಳನ್ನು ಓದಬೇಕೇ?

ಓದಿ. ಆದರೆ 85 ಪ್ರಬಂಧಗಳನ್ನೂ ಒಂದೇ ಉಸಿರಿಗೆ ಮುಗಿಸಲು ಹೊರಟರೆ ನಡುವೆಯೇ ಸುಸ್ತಾಗುತ್ತೀರಿ. ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂವರೂ ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಲ್ಲಿ 1787–88ರಲ್ಲಿ ಇವನ್ನು ಬರೆದದ್ದು ಹೊಸ ಸಂವಿಧಾನಕ್ಕೆ ನ್ಯೂಯಾರ್ಕಿನವರನ್ನು ಒಪ್ಪಿಸಲು. ಅಂದರೆ ಇದು ವಕಾಲತ್ತು, ನಿಷ್ಪಕ್ಷಪಾತ ಭಾಷ್ಯವಲ್ಲ.

51ನೆಯದರಿಂದ ಶುರು ಮಾಡಿ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಎಂಬ ಮಾತು ಅಲ್ಲಿದೆ. ಒಬ್ಬರ ಅಧಿಕಾರದಾಸೆಗೆ ಇನ್ನೊಬ್ಬರ ಆಸೆಯನ್ನೇ ಅಡ್ಡ ನಿಲ್ಲಿಸುವ ಉಪಾಯವೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ನ್ಯಾಯಾಂಗದ ಬಗ್ಗೆ ತಿಳಿಯಲು 78ನೆಯದು ಸಾಕು.

84ನೆಯದು ನನಗೆ ಬಲು ಮೋಜಿನದು: ಹಕ್ಕುಗಳ ಪಟ್ಟಿ ಅನಗತ್ಯ, ಅಪಾಯಕಾರಿ ಕೂಡ ಎಂದು ಹ್ಯಾಮಿಲ್ಟನ್ ಅಲ್ಲಿ ವಾದಿಸುತ್ತಾರೆ. 1791ರಲ್ಲಿ ಆ ಪಟ್ಟಿ ತಿದ್ದುಪಡಿಗಳಾಗಿ ಸೇರಿಯೇಬಿಟ್ಟಿತು! ಆದ್ದರಿಂದ ಸಂವಿಧಾನವನ್ನು ವಿರೋಧಿಸಿದ ಎದುರು ಪಾಳೆಯದಿಂದ ‘ಬ್ರೂಟಸ್’ ಎಂಬ ಗುಪ್ತನಾಮದಲ್ಲಿ ಬಂದ ಬರಹಗಳನ್ನೂ ಪಕ್ಕದಲ್ಲೇ ಇಟ್ಟುಕೊಂಡು ಓದಿ.