ಡೇ ಕೇರ್‌ಗೆ ಸೇರಿಸಿದಾಗಿಂದ ಮಗುವಿಗೆ ಪದೇ ಪದೇ ವಾಂತಿ-ಭೇದಿ. ಇಮ್ಯುನಿಟಿ ಕಮ್ಮಿನಾ? ಕೆಲಸ ಬಿಟ್ಟು ಮನೇಲಿ ಇಟ್ಕೊಳ್ಳಲಾ?

ಇಮ್ಯುನಿಟಿ ಸಿರಪ್‌ಗೆ ದುಡ್ಡು ಹಾಕಬೇಡಿ, ಮೊದಲೇ ಹೇಳಿಬಿಡ್ತೀನಿ. ನನ್ನ ಮಗ ಬೆಂಗಳೂರಿನ ಒಂದು ಡೇ ಕೇರ್‌ಗೆ ಸೇರಿದ ಮೊದಲ ವರ್ಷ ನಮ್ಮ ಮನೆಯಲ್ಲೂ ಇದೇ ಗೋಳು. ಅತ್ತೆ "ಹಲ್ಲು ಬರ್ತಿದೆ, ಅದಕ್ಕೇ" ಎಂದರು. ದೃಷ್ಟಿಯನ್ನೂ ತೆಗೆದರು.

ನಾನು ನಂಬಿದ್ದು ಸ್ಯಾನಿಟೈಸರನ್ನು. ಕೊರೊನಾ ಕಾಲದ ಅಭ್ಯಾಸ. ಡೈಪರ್ ಬದಲಿಸುವ ಜಾಗದಲ್ಲೇ ದೊಡ್ಡ ಬಾಟಲಿ ಇಟ್ಟಿದ್ದೆ. ಡೈಪರ್ ಬಿಚ್ಚು, ಕೈಗೆ ಸ್ಯಾನಿಟೈಸರ್ ಉಜ್ಜು, ಹೋಗಿ ಗಂಜಿ ಕಲಸು. ಕೊರೊನಾ ವೈರಸ್ಸಿನ ಮೇಲೆ ಒಂದು ಕೊಬ್ಬಿನ ಪದರ ಇರುತ್ತದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ಡೇ ಕೇರ್‌ಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್‌ಗೆ ಆ ಪದರವೇ ಇಲ್ಲ. ಸ್ಯಾನಿಟೈಸರ್‌ಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ಸೋಪು ಹಚ್ಚಿ ಚೆನ್ನಾಗಿ ತಿಕ್ಕಿದರೆ ಅದು ಸಾಯದಿದ್ದರೂ ನೀರಿನ ಜೊತೆ ಹೋಗುತ್ತದೆ. ಬಚ್ಚಲು ಅಲ್ಲೇ ಪಕ್ಕದಲ್ಲಿತ್ತು, ನಾನು ಎದ್ದು ಹೋಗಲಿಲ್ಲ! ಭೇದಿ ನಿಂತ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ದಿನ ಮಗುವಿನ ಮಲದಲ್ಲಿ ವೈರಸ್ ಬರುತ್ತಲೇ ಇರುತ್ತದೆ ಅನ್ನೋದೂ ಗೊತ್ತಿರಲಿಲ್ಲ. ಮಗ ಎದ್ದು ಆಡುತ್ತಿದ್ದ. ಯಜಮಾನರು ಮಲಗಿದರು, ಆಮೇಲೆ ನಾನು, ಕೊನೆಗೆ ಅತ್ತೆ. ಅವರಿಗೆ ಶುಗರ್ ಬೇರೆ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು. ನನ್ನ ರಜೆಯೆಲ್ಲ ಅಲ್ಲಿಗೇ ಮುಗಿಯಿತು.

ಕೆಲಸ ಬಿಡಬೇಕಾ ಅಂತೀರಾ? ಬೇಡ. ಈಗ ಬಿಡಿಸಿದರೆ ಎಲ್‌ಕೆಜಿಯಲ್ಲಿ ಇದೇ ಶುರುವಾಗಬಹುದು. ಅದರ ಬದಲು ಡೇ ಕೇರ್‌ಗೆ ಹೋಗಿ ಡೈಪರ್ ಬದಲಿಸುವ ಜಾಗ ತೋರಿಸಿ ಅನ್ನಿ. ಪಕ್ಕದಲ್ಲಿ ನಲ್ಲಿ, ಸೋಪು ಇದೆಯಾ, ಬರೀ ಸ್ಯಾನಿಟೈಸರ್ ಬಾಟಲಿನಾ? ಡೈಪರ್ ಬದಲಿಸುವ ಆಯಾನೇ ಊಟ ಬಡಿಸ್ತಾರಾ? ವಾಂತಿ-ಭೇದಿ ನಿಂತು 48 ಗಂಟೆ ಆಗುವವರೆಗೆ ಮಗುವನ್ನು ಸೇರಿಸಿಕೊಳ್ಳಬಾರದು. ಈ ನಿಯಮ ಮುರಿಯೋರು ಜಾಸ್ತಿ ನಮ್ಮಂಥ ಅಪ್ಪ-ಅಮ್ಮಂದಿರೇ. ಬೆಳಿಗ್ಗೆ ಒಂದು ಡೋಸ್ ಔಷಧಿ ಕುಡಿಸಿ ಬಿಟ್ಟು ಬರ್ತಾರೆ.

ರೋಟಾ ಹನಿ ಹಾಕಿಸಿದ್ದೀನಲ್ಲ ಅಂತ ನೆಮ್ಮದಿಯಾಗಿರಬೇಡಿ. 6, 10, 14ನೇ ವಾರದಲ್ಲಿ ಹಾಕುವ ಆ ಹನಿ, ಭೇದಿ ತರುವ ಇನ್ನೊಂದು ವೈರಸ್ ಆದ ರೋಟಾವೈರಸ್‌ಗೆ ಮಾತ್ರ. ಹಾಕಿಸಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದರೆ ನೊರೊಗೆ ಅದು ತಾಗುವುದಿಲ್ಲ.

ಭೇದಿಯಲ್ಲಿ ಹೋದ ನೀರು-ಉಪ್ಪನ್ನು ತುಂಬಲು ಕೊಡುವ ಓಆರ್‌ಎಸ್ ಅಂದರೆ ಪುಡಿ ಪ್ಯಾಕೆಟ್, ದೊಡ್ಡದಾದರೆ 1 ಲೀಟರ್ ನೀರಿಗೆ ಇಡೀ ಪ್ಯಾಕೆಟ್. ಓಆರ್‌ಎಸ್ ಅನ್ನೋ ಹೆಸರು ಹಾಕಿಕೊಂಡು ಮಾರುತ್ತಿದ್ದ ಸಿಹಿ ಜ್ಯೂಸ್‌ಗಳು ಆ ಹೆಸರು ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರಲ್ಲಿ ಹೇಳಿದೆ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚಾಗುತ್ತದೆ. ಡಾಕ್ಟರು ಜಿಂಕ್ ಬರೆದುಕೊಟ್ಟರೆ ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ. ಆರು ಗಂಟೆಯಾದರೂ ಉಚ್ಚೆ ಮಾಡಿಲ್ಲ, ಅಳುವಾಗ ಕಣ್ಣೀರಿಲ್ಲ, ಮಲದಲ್ಲಿ ರಕ್ತ ಕಂಡಿತು ಅಂದರೆ ಇಲ್ಲಿ ಉತ್ತರ ಓದುತ್ತಾ ಕೂರಬೇಡಿ, ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ.